ನೂರಕ್ಕೆ ನೂರು ಬ್ಲಾಕ್, ಆದರೂ ಬಡಿಯುವ ಹೃದಯ

ಆಂಜಿಯೋಗ್ರಾಂ ವರದಿಯಲ್ಲಿ ‘ಒಂದು ನಾಳ ನೂರಕ್ಕೆ ನೂರು ಬ್ಲಾಕ್’ ಎಂದು ಓದಿದ ಮನೆಮಂದಿ ಕಂಗಾಲಾಗುತ್ತಾರೆ. ರೋಗಿಯೋ, ಎದುರಿಗೇ ಕಾಫಿ ಕುಡಿಯುತ್ತ ಕೂತಿರುತ್ತಾರೆ. ಇದು ಪವಾಡವಲ್ಲ, ಅಪರೂಪವೂ ಅಲ್ಲ. ಹೃದಯದ ನಾಳಗಳಲ್ಲಿ ಗಣನೀಯ ಕಾಯಿಲೆ ಕಂಡವರ ಪೈಕಿ ಸುಮಾರು ಐವರಲ್ಲಿ ಒಬ್ಬರಿಗೆ, ಮುಚ್ಚಿಹೋಗಿ ತಿಂಗಳುಗಳೇ ಕಳೆದ ನಾಳವೊಂದು ಇರುತ್ತದೆ. ಆ ನಾಳ ನೋಡಿಕೊಳ್ಳಬೇಕಾದ ಸ್ನಾಯು ಹಲವರಲ್ಲಿ ಬದುಕಿಯೇ ಇರುತ್ತದೆ, ಪಕ್ಕದ ನಾಳದಿಂದ ಒಳದಾರಿ ಹಿಡಿದು ರಕ್ತ ಅಲ್ಲಿಗೆ ತಲುಪುತ್ತಿರುತ್ತದೆ. ವೈದ್ಯರು ಈ ಒಳದಾರಿಗಳನ್ನು ಕೊಲ್ಯಾಟರಲ್ ನಾಳಗಳು ಎನ್ನುತ್ತಾರೆ.

ಹೃದಯದ ಒಂದು ನಾಳಕ್ಕೆ (ಕರೋನರಿ) ಹಾಕಿದ ದ್ರವ ಇನ್ನೊಂದಕ್ಕೂ ಹರಿಯುವುದನ್ನು ಇಂಗ್ಲೆಂಡಿನ ರಿಚರ್ಡ್ ಲೋವರ್ 1669ರಲ್ಲೇ ಬರೆದಿಟ್ಟಿದ್ದ. ಆಮೇಲೆ ಬಂದ ಘಟಾನುಘಟಿಗಳು ಒಪ್ಪಲಿಲ್ಲ, ಈ ನಾಳಗಳ ನಡುವೆ ಸಂಪರ್ಕವೇ ಇಲ್ಲವೆಂದರು. 1960ರ ದಶಕದಲ್ಲಿ ಗ್ಲಾಸ್ಗೋದ ವಿಲಿಯಂ ಫುಲ್ಟನ್ ಮೃತರ ಹೃದಯಗಳ ಎಕ್ಸ್‌ರೇ ತೆಗೆದು, ಕಾಯಿಲೆಯೇ ಇಲ್ಲದ ಹೃದಯದಲ್ಲೂ ಈ ಸಂಪರ್ಕಗಳಿವೆಯೆಂದು ತೋರಿಸಿದ ಮೇಲೆ ವಾದ ತಣ್ಣಗಾಯಿತು.

ಅಂದರೆ ದಾರಿ ಹುಟ್ಟಿನಿಂದಲೇ ಇದೆ, ಕೂದಲೆಳೆಯಷ್ಟು ಸಪೂರ ಅಷ್ಟೆ. ಮುಖ್ಯ ನಾಳ ಕಿರಿದಾಗುತ್ತ ಬಂದಂತೆ ಅದರಾಚೆ ಒತ್ತಡ ಇಳಿಯುತ್ತದೆ, ಪಕ್ಕದ ನಾಳದ ರಕ್ತ ಆ ಕಡೆ ನುಗ್ಗುತ್ತದೆ. ನುಗ್ಗುವ ರಕ್ತದ ಉಜ್ಜಾಟವೇ ನಾಳದ ಒಳಪದರಕ್ಕೆ ಸಂದೇಶ. ಬಿಳಿ ರಕ್ತಕಣಗಳು ಬಂದು ಸೇರುತ್ತವೆ, ಗೋಡೆ ಒಡೆದು ಮತ್ತೆ ಕಟ್ಟಿಕೊಳ್ಳುತ್ತದೆ, ನಾಳ ಹಿಗ್ಗುತ್ತದೆ. ಚೆನ್ನಾಗಿ ಬೆಳೆದರೆ ಒಂದು ಮಿಲಿಮೀಟರ್ ಅಗಲ ಮುಟ್ಟಬಹುದು. ಆದರೆ ಈ ಕೆಲಸಕ್ಕೆ ವಾರಗಟ್ಟಲೆ ಬೇಕು.

ಈ ಭಾಗ್ಯ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ. ಗಿನಿಪಿಗ್‌ನ ಹೃದಯದಲ್ಲಿ ಒಳದಾರಿಗಳು ಎಷ್ಟು ದಟ್ಟವೆಂದರೆ ಒಂದು ನಾಳ ಕಟ್ಟಿದರೂ ಅದರ ಸ್ನಾಯು ಸಾಯುವುದಿಲ್ಲ. ಹಂದಿಗೆ ಅವು ಇಲ್ಲವೆನ್ನುವಷ್ಟು ಕಡಿಮೆ. ಮನುಷ್ಯರಲ್ಲಿ ಒಬ್ಬೊಬ್ಬರದು ಒಂದೊಂದು ತರಹ. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಕ್ರಿಸ್ಟಿಯನ್ ಸೈಲರ್ ತಂಡ ಆರೋಗ್ಯವಂತ ನಾಳಗಳನ್ನೇ ಬಲೂನಿನಿಂದ ಒಂದು ನಿಮಿಷ ಮುಚ್ಚಿ ನೋಡಿತು. ನಾಲ್ಕೈದು ಜನರಲ್ಲಿ ಒಬ್ಬರ ಇಸಿಜಿ ಅಲ್ಲಾಡಲೇ ಇಲ್ಲ!

ಸಿಡ್ನಿಯ ಸೇಂಟ್ ಲೆನಾರ್ಡ್ಸ್‌ನಲ್ಲಿರುವ ರಾಯಲ್ ನಾರ್ತ್ ಶೋರ್ ಆಸ್ಪತ್ರೆಯ ಉಸೈದ್ ಅಲ್ಲಾವಾಲಾ, ರವಿನಯ್ ಭಿಂಡಿ ಮತ್ತು ಸಂಗಡಿಗರು ಕೇಳಿದ ಪ್ರಶ್ನೆ ಬೇರೆ: ನಾಳ ನಿಧಾನವಾಗಿ ಅಲ್ಲ, ಹಠಾತ್ತನೆ ಮುಚ್ಚಿದಾಗ ಈ ದಾರಿಗಳು ಕೈಹಿಡಿಯುತ್ತವೆಯೇ? 2020ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಹೃದಯಾಘಾತದ ಹೊತ್ತಿಗೇ ಕೊಲ್ಯಾಟರಲ್ ತೆರೆದುಕೊಂಡಿದ್ದವರಲ್ಲಿ ಸಾವು ಕಡಿಮೆ, ಹೃದಯದ ಪಂಪಿಂಗ್ ಉತ್ತಮ. ತೆರೆದುಕೊಳ್ಳದವರೇ ಹೆಚ್ಚು ಎಂಬುದು ಇದರ ಇನ್ನೊಂದು ಮುಖ.

ಹಾಗಾಗಿ ‘ನೂರು’ ಎಂಬ ಅಂಕಿಗಿಂತ ಅದು ಎಷ್ಟು ಕಾಲದಲ್ಲಿ ನೂರಾಯಿತು ಎಂಬುದು ಮುಖ್ಯ. ಎಷ್ಟೋ ಹೃದಯಾಘಾತಗಳು ಹೆಚ್ಚೇನೂ ಕಿರಿದಾಗಿರದ ನಾಳದಲ್ಲೇ ಆಗುತ್ತವೆ. ಗೋಡೆಯ ಕೊಬ್ಬಿನ ಗಡ್ಡೆ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ, ನಿಮಿಷಗಳಲ್ಲಿ ದಾರಿ ಬಂದ್. ನಲವತ್ತರ ಆಸುಪಾಸಿನವರ ಮೊದಲ ಹೃದಯಾಘಾತ ಎಷ್ಟೋ ಸಲ ಈ ಬಗೆಯದು. ಒಳದಾರಿ ಬೆಳೆಯಲು ಸಮಯವೇ ಸಿಕ್ಕಿರುವುದಿಲ್ಲ. ದಕ್ಷಿಣ ಏಷ್ಯಾ ಮೂಲದವರಿಗೆ ಹೃದ್ರೋಗ ಇತರರಿಗಿಂತ ಬೇಗ ಬರುವುದರಿಂದ, ಬೆಂಗಳೂರಿನಲ್ಲಿದ್ದರೂ ಮೆಲ್ಬರ್ನ್‌ನಲ್ಲಿದ್ದರೂ ನಮ್ಮವರಿಗೆ ಈ ಮಾತು ಹತ್ತಿರದ್ದು.

ಹಾಗಾದರೆ ಒಳದಾರಿಗಳನ್ನು ನಾವೇ ಬೆಳೆಸಬಹುದೇ? ಕಾಲಿಗೆ ಪಟ್ಟಿ ಸುತ್ತಿ ಹೃದಯದ ಲಯಕ್ಕೆ ತಕ್ಕಂತೆ ಒತ್ತುವ ಇಇಸಿಪಿ ಚಿಕಿತ್ಸೆಯನ್ನು ‘ನ್ಯಾಚುರಲ್ ಬೈಪಾಸ್’ ಎಂದು ಜಾಹೀರಾತು ಮಾಡುವವರಿದ್ದಾರೆ. ಕೆಲವರ ಎದೆನೋವು ಅದರಿಂದ ಕಡಿಮೆಯಾಗುವುದು ನಿಜ. ಬೈಪಾಸ್ ಎನ್ನುವುದು ಅತಿಯಾಯಿತು. ನಿಯಮಿತ ವ್ಯಾಯಾಮದಿಂದ ಕೊಲ್ಯಾಟರಲ್ ಹರಿವು ಹೆಚ್ಚುವುದಕ್ಕೆ ಪುರಾವೆಯಿದೆ, ಆದರೆ ಈಗಾಗಲೇ ಬ್ಲಾಕ್ ಇದ್ದವರು ವೈದ್ಯರನ್ನು ಕೇಳಿಯೇ ಶುರುಮಾಡಬೇಕು. ಎದೆ ಬಿಗಿಹಿಡಿದು ಬೆವರು ಬಂದರೆ ಮಾತ್ರ ಒಳದಾರಿಗಳನ್ನು ನಂಬಿ ಕೂರಬೇಡಿ. ಆಸ್ಟ್ರೇಲಿಯಾದಲ್ಲಿ 000, ಕರ್ನಾಟಕದಲ್ಲಿ 108ಕ್ಕೆ ತಕ್ಷಣ ಫೋನ್ ಮಾಡಿ.