ಕಾಲು ತಪ್ಪಿದ್ದೋ, ಜಾಗ ತಪ್ಪಿದ್ದೋ

ಭಾನುವಾರ ಬೆಳಿಗ್ಗೆ ಏಳರ ಹೊತ್ತಿಗೆ ಹಲಸೂರಿನ ಕಡೆಯಿಂದ ಗೌತಮಪುರದ ಸಂದಿಗಳನ್ನು ಹೊಕ್ಕರೆ ಬಡಾವಣೆ ಮೊದಲು ಮೂಗಿಗೆ ಸಿಗುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗಿನ ಹಬೆ, ಹೊಸ್ತಿಲ ಮುಂದೆ ಚಿಮುಕಿಸಿದ ನೀರಿಗೆ ಎದ್ದ ಮಣ್ಣಿನ ವಾಸನೆ, ಮೂಲೆಯ ಬೇಕರಿಯ ಬಿಸಿ ಬನ್ನು, ಇದೆಲ್ಲದರ ನಡುವೆ ಯಾರೋ ಮೊಣಕಾಲಿಗೆ ತಿಕ್ಕಿಕೊಂಡ ನೋವಿನ ಎಣ್ಣೆಯ ಘಾಟು. ಆ ಘಾಟು ಬಂತೆಂದರೆ ಗ್ರೌಂಡು ಹತ್ತಿರವಾಯಿತೆಂದೇ ಲೆಕ್ಕ. ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಇವರ ಜೊತೆ ಪೆಲೆಗೂ ಪ್ರತಿಮೆ ನಿಲ್ಲಿಸಿದ ಬಡಾವಣೆ ಇದು. ವಿಶ್ವಕಪ್ ಬಂದರೆ ಸಂದಿಗೋಡೆಗಳಿಗೆ ಬ್ರೆಜಿಲ್‌ನ ಹಳದಿ ಹಸಿರು ಏರುತ್ತದೆ.

ಗ್ರೌಂಡಿನಲ್ಲಿ ಒಬ್ಬ ಹುಡುಗ ತಗಡಿನ ಡಬ್ಬದಿಂದ ಸುಣ್ಣದ ಪುಡಿ ಉದುರಿಸುತ್ತಾ ಗೆರೆ ಎಳೆಯುತ್ತಿದ್ದಾನೆ. ಇನ್ನೊಬ್ಬ ಪಂಪಿನ ಸೂಜಿಯನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಂಡು, ಚೆಂಡಿನ ತೂತಿಗೆ ಮೆಲ್ಲಗೆ ತೂರಿಸಿ, ಗಾಳಿ ತುಂಬುತ್ತಿದ್ದಾನೆ. ನಾಲ್ಕು ಸಲ ಒತ್ತಿ ಒಮ್ಮೆ ಹೆಬ್ಬೆರಳಿನಿಂದ ಅಮುಕಿ ನೋಡುತ್ತಾನೆ, ತಲೆಯಾಡಿಸುತ್ತಾನೆ, ಇನ್ನೆರಡು ಸಲ ಒತ್ತುತ್ತಾನೆ. ಚೆಂಡಿನ ಮೇಲ್ಪದರ ಅಲ್ಲಲ್ಲಿ ಸುಲಿದು ಬಿಳಿ ನೂಲು ಕಾಣುತ್ತಿದೆ. ಅದನ್ನು ನೆಲಕ್ಕೆ ಕುಕ್ಕಿದಾಗ ಎದ್ದ ಸದ್ದು ಕೇಳಿಯೇ ಗೋಡೆಗೊರಗಿ ನಿಂತವರು ಒಬ್ಬೊಬ್ಬರಾಗಿ ನೆಟ್ಟಗಾದರು.

ಬನ್ನಿ, ಈ ಕಟ್ಟೆಯ ತುದಿಯಲ್ಲಿ ಇಬ್ಬರಿಗೆ ಜಾಗವಿದೆ. ಪಕ್ಕದ ಚಹಾ ಗಾಡಿಯ ಅಕ್ಕ ಕೇಳದೆಯೇ ಗ್ಲಾಸು ತಂದಿಡುತ್ತಾಳೆ. ಕಟ್ಟೆಯ ಮೇಲೆ ಆಗಲೇ ಏಳೆಂಟು ಮಂದಿ. ಒಬ್ಬಾತ ಬಣ್ಣ ಮಾಸಿದ ಚೆಲ್ಸಿಯ ನೀಲಿ ಅಂಗಿ ತೊಟ್ಟಿದ್ದಾನೆ, ಬೆನ್ನ ಮೇಲಿನ 4 ಅಂಕಿ ಒಗೆದೊಗೆದು ಬಿರುಕುಬಿಟ್ಟಿದೆ. ಅವನ ಪಕ್ಕದ ಚಿಗುರುಮೀಸೆಯವನದು ಆರ್ಸೆನಲ್‌ನ ಕೆಂಪು. ಇಬ್ಬರ ನಡುವೆ, ಎರಡೂ ಮೊಣಕಾಲು ಚಾಚಿಕೊಂಡು, ಎಲ್ಲರೂ ಮಾಮ ಎಂದು ಕರೆಯುವ ಹಿರಿಯರು. ಒಂದು ಕಾಲದ ಸ್ಟಾಪರ್, ಅಂದರೆ ಹಿಂದೆ ನಡುವೆ ನಿಲ್ಲುವ ಡಿಫೆಂಡರ್. ಇವರೆಲ್ಲರ ಮಾತಿನಲ್ಲಿ ತಮಿಳು, ಕನ್ನಡ, ಉರ್ದು ಮೂರೂ ಒಂದೇ ವಾಕ್ಯದೊಳಗೆ ಹಾಯಾಗಿ ಓಡಾಡುತ್ತವೆ.

ಆಟ ಶುರುವಾಗಿ ಹತ್ತು ನಿಮಿಷವಾಗಿರಬೇಕು. ಈಚೆ ಕಡೆಯ ಗೋಲಿಯು ಚೆಂಡನ್ನು ದೂರಕ್ಕೆ ಒದೆಯದೆ ಪಕ್ಕದಲ್ಲೇ ನಿಂತ ಉದ್ದಕಾಲಿನ ಹುಡುಗನಿಗೆ ಮೆಲ್ಲಗೆ ಉರುಳಿಸಿದ. ಹುಡುಗ ಅದನ್ನು ಪಾದದ ಅಡಿಯಲ್ಲಿ ನಿಲ್ಲಿಸಿ, ತಲೆಯೆತ್ತಿ ನೋಡಿ, ಮೈಮೇಲೆ ಬಂದ ಮೊದಲನೆಯವನನ್ನು ಸೊಂಟದ ಒಂದೇ ತಿರುವಿನಲ್ಲಿ ದಾಟಿದ. ಕಟ್ಟೆಯಿಂದ ‘ಆಹಾ’ ಎಂಬ ಉಸಿರು ಹೊರಟಿತು. ಎರಡನೆಯವನನ್ನೂ ದಾಟಲು ಹೋದ. ಚೆಂಡು ಅರ್ಧ ಮೊಳ ಮುಂದಕ್ಕೆ ಜಾರಿತು, ಅಷ್ಟೇ. ಎದುರಾಳಿ ಕಸಿದು ನಾಲ್ಕು ಹೆಜ್ಜೆ ಓಡಿ ಗೋಲು ಹೊಡೆದ. ‘ಆಹಾ’ ಎಂದ ಬಾಯಿಗಳೇ ಬೈಗುಳಕ್ಕೆ ತೆರೆದುಕೊಂಡವು.

“ಹೊಡೆದು ಕಳಿಸೋ ಅಂದ್ರೆ ಡೇವಿಡ್ ಲೂಯಿಜ್ ಆಗೋಕೆ ಹೋಗ್ತಾನೆ!” ಕೆಂಪು ಅಂಗಿಯವನು ಕೂಗಿದ.

“ಆಗಲಿ ಬಿಡೋ, ಏನೀಗ?” ನೀಲಿ ಅಂಗಿಯವನು ಗ್ಲಾಸು ಕೆಳಗಿಟ್ಟ.

ಇನ್ನು ಅರ್ಧ ಗಂಟೆ ಮಾತು ಬೇರೆ ಕಡೆ ಹೋಗುವುದಿಲ್ಲ. ಸಾವೊ ಪಾಲೊ ಪಕ್ಕದ ಡಿಯಾಡೆಮಾದಲ್ಲಿ 1987ರಲ್ಲಿ ಹುಟ್ಟಿದ, ತಲೆತುಂಬ ಗುಂಗುರು ಕೂದಲಿನ ಆ ಡಿಫೆಂಡರ್ ಈ ಕಟ್ಟೆಯಲ್ಲಿ ಹತ್ತಾರು ವರ್ಷಗಳಿಂದ ಕೂತಿದ್ದಾನೆ ಎನ್ನಬೇಕು. ಮೈ ಸಣ್ಣದೆಂದು ಹದಿನಾಲ್ಕನೇ ವಯಸ್ಸಿನಲ್ಲಿ ಸಾವೊ ಪಾಲೊ ಕ್ಲಬ್ ಕೈಬಿಟ್ಟ ಹುಡುಗ, ದೂರದ ವಿಟೋರಿಯಾ ಸೇರಿ, ಅಲ್ಲಿಂದ ಪೋರ್ಚುಗಲ್‌ನ ಬೆನ್ಫಿಕಾಕ್ಕೆ ಹೋಗಿ, 2011ರ ಜನವರಿಯ ಕೊನೆಯ ದಿನ ಚೆಲ್ಸಿಗೆ ಬಂದ. ಬಂದು ಒಂದೇ ತಿಂಗಳಿಗೆ, ಮಾರ್ಚ್ 1ರಂದು, ಮ್ಯಾಂಚೆಸ್ಟರ್ ಯುನೈಟೆಡ್ ಗೋಲಿನೊಳಕ್ಕೆ ಚೆಂಡನ್ನು ಗಾಳಿಯಲ್ಲೇ ಬಾರಿಸಿದ. ನೀಲಿ ಅಂಗಿಯವನು ಆ ಗೋಲನ್ನು ವರ್ಣಿಸುವಾಗ ಅವನ ಬಲಗಾಲು ತಾನಾಗಿ ಕಟ್ಟೆಯಿಂದ ಮೇಲೇಳುತ್ತದೆ. ಡಿಫೆಂಡರ್ ಅಲ್ಲಿ ಯಾಕಿದ್ದ ಎಂದು ಆವತ್ತು ಯಾರೂ ಕೇಳಲಿಲ್ಲ, ಗೆದ್ದಿದ್ದರು.

ಕೇಳುವ ದಿನ ಬೇಗ ಬಂತು. ಅದೇ ವರ್ಷ ನವೆಂಬರಿನಲ್ಲಿ ಲಿವರ್‌ಪೂಲ್ ಎದುರು ಚೆಲ್ಸಿ ಸೋತಾಗ, ಟಿವಿಯಲ್ಲಿ ಮಾತಾಡುತ್ತಿದ್ದ ಗ್ಯಾರಿ ನೆವಿಲ್, ಗ್ಯಾಲರಿಯಲ್ಲಿ ಕೂತ ಹತ್ತು ವರ್ಷದ ಮಗುವೊಂದು ಪ್ಲೇಸ್ಟೇಷನ್‌ನಲ್ಲಿ ಇವನನ್ನು ಆಡಿಸುತ್ತಿರುವಂತಿದೆ ಎಂದುಬಿಟ್ಟರು. ಆ ಮಾತು ಅವನ ಬೆನ್ನಿಗೆ ಅಂಗಿಯ ಅಂಕಿಯಂತೆ ಅಂಟಿಕೊಂಡಿತು. ಆರು ತಿಂಗಳ ನಂತರ, 2012ರ ಮೇ 19ರ ರಾತ್ರಿ, ಮ್ಯೂನಿಕ್‌ನಲ್ಲಿ ಬಯರ್ನ್ ತಂಡದ ಸ್ವಂತ ಮೈದಾನದಲ್ಲೇ ಚಾಂಪಿಯನ್ಸ್ ಲೀಗ್ ಫೈನಲ್. ತೊಡೆಯ ಹಿಂಬದಿಯ ಸ್ನಾಯು ನೋವಿನಿಂದ ಆಗಷ್ಟೇ ಎದ್ದವನು ನೂರಿಪ್ಪತ್ತು ನಿಮಿಷ ಆಡಿದ. ಪೆನಾಲ್ಟಿಗಳಲ್ಲಿ ಚೆಲ್ಸಿಯ ಮೊದಲ ಒದೆತ ವ್ಯರ್ಥವಾಗಿತ್ತು. ಎರಡನೆಯದಕ್ಕೆ ಇವನು ದೂರದಿಂದ ಓಡಿಬಂದು ಬಾರಿಸಿದ, ಗೋಲು. “ಆ ರಾತ್ರಿ ಸದ್ದು ಮಾಡ್ಬೇಡಿ ಅಂತ ಅಮ್ಮ ಬೈದ್ರು. ಬಾಯಿಗೆ ದಿಂಬು ಒತ್ತಿಕೊಂಡು ಕೂಗಿದೀನಿ ಗುರು,” ಎನ್ನುತ್ತಾನೆ ನೀಲಿ ಅಂಗಿಯವನು. ಅವನ ಕಣ್ಣು ಈಗಲೂ ಹೊಳೆಯುತ್ತದೆ.

ಕೆಂಪಂಗಿಯ ಹುಡುಗನ ನೆನಪು ಬೇರೆ. 2019ರಲ್ಲಿ ಲೂಯಿಜ್ ಆರ್ಸೆನಲ್‌ಗೆ ಬಂದ. ಆ ಒಂದೇ ಲೀಗ್ ಋತುವಿನಲ್ಲಿ ಎದುರಾಳಿಗಳಿಗೆ ಐದು ಪೆನಾಲ್ಟಿ ಕೊಟ್ಟ, ಪ್ರೀಮಿಯರ್ ಲೀಗ್‌ನಲ್ಲಿ ಅಷ್ಟನ್ನು ಒಂದೇ ಋತುವಿನಲ್ಲಿ ಅದಕ್ಕೆ ಮುಂಚೆ ಯಾರೂ ಕೊಟ್ಟಿರಲಿಲ್ಲ. ಕೊರೊನಾದಿಂದ ನಿಂತಿದ್ದ ಆಟ 2020ರ ಜೂನ್ 17ರಂದು ಖಾಲಿ ಗ್ಯಾಲರಿಗಳ ನಡುವೆ ಮತ್ತೆ ಶುರುವಾದಾಗ, ಮ್ಯಾಂಚೆಸ್ಟರ್ ಸಿಟಿ ವಿರುದ್ಧ ಗಾಯಾಳುವಿನ ಬದಲಿಗೆ ಇಳಿದವನು ಆಡಿದ್ದು ಇಪ್ಪತ್ತೈದೇ ನಿಮಿಷ. ಅಷ್ಟರಲ್ಲಿ ಒಂದು ಚೆಂಡು ಅವನಿಗೆ ತಾಗಿ ಸಿಟಿಯ ಸ್ಟರ್ಲಿಂಗ್ ಪಾಲಾಗಿ ಗೋಲಾಯಿತು, ಒಂದು ಪೆನಾಲ್ಟಿ ಹೋಯಿತು, ಕೆಂಪು ಚೀಟಿಯೂ ಬಂತು. “ಮೂರು ತಿಂಗಳು ಮ್ಯಾಚ್ ಇಲ್ದೆ ಒದ್ದಾಡಿದ್ವಿ ಮಾಮ. ಬಂದ ಮೊದಲ ದಿನವೇ ಹೀಗೆ ಮಾಡಿದ್ರೆ?” ಹುಡುಗನ ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚು. ತಪ್ಪು ತಂಡದ್ದಲ್ಲ, ನನ್ನದು ಎಂದು ಲೂಯಿಜ್ ಆ ರಾತ್ರಿಯೇ ಒಪ್ಪಿಕೊಂಡ ಎಂಬುದನ್ನೂ ಅವನೇ ಸೇರಿಸಿದ. ತಾನೇ ದೂರಿದವನ ಪರವಾಗಿ ತಾನೇ ಒಂದು ಮಾತು ಹೇಳುವ ಈ ಗುಣ ಈ ಕಟ್ಟೆಯಲ್ಲಿ ನನಗೆ ಬಹಳ ಇಷ್ಟ.

ಮಾಮ ಇಷ್ಟು ಹೊತ್ತೂ ಮಾತಾಡಿರಲಿಲ್ಲ. ಈಗ ಖಾಲಿ ಚಹಾ ಗ್ಲಾಸುಗಳನ್ನು ಒಂದೊಂದಾಗಿ ತಮ್ಮ ಮುಂದಕ್ಕೆ ಎಳೆದುಕೊಂಡರು. ಒಂದು ಬಿಸ್ಕತ್ತಿನ ಪೊಟ್ಟಣ ಗೋಲಾಯಿತು. ಮಸಿ ಹಿಡಿದ ಗ್ಲಾಸೊಂದು ಜರ್ಮನಿಯ ಮುಲ್ಲರ್. ಅದರ ಪಕ್ಕದ್ದು ಲೂಯಿಜ್. ಇದು 2014ರ ಜುಲೈ 8 ಎಂದು ಯಾರೂ ಹೇಳಬೇಕಾಗಲಿಲ್ಲ, ಸುತ್ತಲಿನವರು ಸಾವಿನ ಮನೆಯಲ್ಲಿ ಕೂತಂತೆ ಹತ್ತಿರ ಸರಿದರು. ಬೆಲೊ ಹೊರಿಜಾಂಟೆ, ಬ್ರೆಜಿಲ್ ಮತ್ತು ಜರ್ಮನಿ ನಡುವಿನ ವಿಶ್ವಕಪ್ ಸೆಮಿಫೈನಲ್. ನೇಮಾರ್ ಬೆನ್ನು ಮುರಿದುಕೊಂಡಿದ್ದ, ನಾಯಕ ತಿಯಾಗೊ ಸಿಲ್ವಾನಿಗೆ ನಿಷೇಧ, ನಾಯಕನ ಪಟ್ಟಿ ಲೂಯಿಜ್ ತೋಳಿಗೆ. ರಾಷ್ಟ್ರಗೀತೆಯ ಹೊತ್ತಿಗೆ ಅವನು ನೇಮಾರ್‌ನ ಅಂಗಿಯನ್ನು ಎತ್ತಿ ಹಿಡಿದು ನಿಂತಿದ್ದ. ಮಾಮ ಬೆರಳಿನಿಂದ ಸಕ್ಕರೆಯ ಹರಳೊಂದನ್ನು ಮೂಲೆಯಿಂದ ತಳ್ಳಿದರು, ಅದು ಕಾರ್ನರ್. ಮಸಿ ಗ್ಲಾಸು ಹಿಂದಕ್ಕೆ ಜಾರಿತು, ಲೂಯಿಜ್ ಗ್ಲಾಸು ಉಳಿದ ಗ್ಲಾಸುಗಳ ಗುಂಪಿನಲ್ಲಿ ಸಿಕ್ಕಿಕೊಂಡಿತು. ಹನ್ನೊಂದನೇ ನಿಮಿಷ, ಮೊದಲ ಗೋಲು. ಇಪ್ಪತ್ತೊಂಬತ್ತನೇ ನಿಮಿಷಕ್ಕೆ ಐದು. ಮುಗಿದಾಗ 7–1.

“ಇದರಲ್ಲಿ ಅವನು ಪಾಸ್ ತಪ್ಪು ಕೊಟ್ಟಿದ್ದು ಎಲ್ಲಿ ತೋರಿಸು?” ಮಾಮ ಕೆಂಪಂಗಿಯವನನ್ನು ಕೇಳಿದರು. ಆಮೇಲೆ ಲೂಯಿಜ್ ಗ್ಲಾಸನ್ನು ಗೆರೆಯಿಂದ ಮುಂದಕ್ಕೆ, ಇನ್ನೂ ಮುಂದಕ್ಕೆ ತಳ್ಳಿ, ಅದು ಬಿಟ್ಟುಹೋದ ಖಾಲಿ ಜಾಗದ ಮೇಲೆ ಅಂಗೈಯಿಟ್ಟರು. “ಒಂದು ಗೋಲು ಬಿತ್ತು, ನಾನೇ ಹೋಗಿ ತೀರಿಸ್ತೀನಿ ಅಂತ ಹೊರಟ. ಮನೆ ಬಾಗಿಲು ತೆರೆದಿಟ್ಟು ಕಳ್ಳನ್ನ ಹಿಡಿಯೋಕೆ ಬೀದಿಗೆ ಓಡಿದಂಗೆ. ಅವನ ಕಾಲು ತಪ್ಪಿದ್ದಲ್ಲಪ್ಪ. ಜಾಗ ತಪ್ಪಿದ್ದು.”

ಈ ಮಾತು ನನಗೆ ದಿಟವೆನಿಸುತ್ತದೆ. ಚೆಂಡು ಆಡಬಲ್ಲ ಡಿಫೆಂಡರ್ ಎಂದೊಡನೆ ಅವನ ಸೊಗಸೇ ಅವನ ಶತ್ರು ಎಂದು ಹೇಳಿ ಮುಗಿಸುವವರು ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಗಂಟಿಗೆ ಕಟ್ಟುತ್ತಾರೆ. ಪಾದದ ನಯ ಒಂದು, ಮನಸ್ಸಿನ ಆತುರ ಇನ್ನೊಂದು. ಲೂಯಿಜ್‌ನ ಕಾಲು ಕೊಟ್ಟ ಉದ್ದ ಪಾಸುಗಳಿಂದ ಅವನ ತಂಡಗಳು ಕೆಟ್ಟದ್ದು ಕಡಿಮೆ. ಕೆಟ್ಟದ್ದು ಅವನು ಕಾಯದೆ ಹೋದಾಗ, ಬೀಳಬಾರದ ಕಡೆ ಬಿದ್ದು ಅಡ್ಡಹಾಕಿದಾಗ. 2015ರಲ್ಲಿ ಪ್ಯಾರಿಸ್ ತಂಡದಲ್ಲಿದ್ದವನ ಎರಡು ಕಾಲುಗಳ ನಡುವಿನಿಂದ ಬಾರ್ಸಿಲೋನಾದ ಸುವಾರೆಜ್ ಒಂದೇ ಪಂದ್ಯದಲ್ಲಿ ಎರಡು ಬಾರಿ ಚೆಂಡು ತೂರಿಸಿ ಗೋಲು ಹೊಡೆದ. ಎರಡು ಸಲವೂ ಆಗಿದ್ದು ಅದೇ, ಇನ್ನರ್ಧ ಕ್ಷಣ ತಾಳಬೇಕಿತ್ತು. ಆ ಪ್ಯಾರಿಸ್ ತಂಡ ಅವನನ್ನು ಹಿಂದಿನ ವರ್ಷ ಕೊಂಡಿದ್ದು ಸುಮಾರು 5 ಕೋಟಿ ಪೌಂಡಿಗೆ, ಆಗ ಜಗತ್ತಿನಲ್ಲಿ ಯಾವ ಡಿಫೆಂಡರ್‌ಗೂ ಅಷ್ಟು ಬೆಲೆ ಬಂದಿರಲಿಲ್ಲ.

ಅವನನ್ನು ಅರ್ಥಮಾಡಿಕೊಂಡವರು ಕೋಚ್ ಅಂಟೋನಿಯೊ ಕಾಂಟೆ ಎಂದ ನೀಲಿ ಅಂಗಿಯವನು, ಮಾಮನೂ ತಲೆದೂಗಿದರು. 2016ರಲ್ಲಿ ಲೂಯಿಜ್ ಮತ್ತೆ ಚೆಲ್ಸಿಗೆ ಬಂದಾಗ ಕಾಂಟೆ ಹಿಂದೆ ಮೂವರನ್ನು ನಿಲ್ಲಿಸಿದರು. ಬಲಕ್ಕೆ ಅಜ್ಪಿಲಿಕ್ವೆಟಾ, ಎಡಕ್ಕೆ ಕೇಹಿಲ್, ನಡುವೆ ಇವನು. ಅವನಿಗೆ ಆಟ ಕಡಿಮೆ ಮಾಡು ಎನ್ನಲಿಲ್ಲ, ಅವನು ಬಿಟ್ಟುಹೋಗುವ ಜಾಗಕ್ಕೆ ಇಬ್ಬರನ್ನು ಇಟ್ಟರು. ಸತತ ಹದಿಮೂರು ಲೀಗ್ ಗೆಲುವು, 93 ಅಂಕ, ಪಟ್ಟ. ಕೆಂಪಂಗಿಯವನ ಬಳಿಯೂ ಇಂಥದೇ ಒಂದು ಸಮಾಧಾನವಿದೆ. ಆ ಇಪ್ಪತ್ತೈದು ನಿಮಿಷದ ಅವಮಾನವಾಗಿ ಒಂದೂವರೆ ತಿಂಗಳಿಗೆ, 2020ರ ಆಗಸ್ಟ್ 1ರಂದು, ಮೂವರ ನಡುವೆ ನಿಂತ ಅದೇ ಲೂಯಿಜ್ ಹಳೆಯ ಚೆಲ್ಸಿಯ ಎದುರೇ ಆಡಿ ಎಫ್‌ಎ ಕಪ್ ಎತ್ತಿದ. ಇದನ್ನು ಹೇಳುವಾಗ ಹುಡುಗ ನೀಲಿ ಅಂಗಿಯವನ ತೊಡೆಗೆ ಮೆಲ್ಲಗೊಂದು ಗುದ್ದಿದ.

ಗೋಲಿ ಮತ್ತೆ ಚೆಂಡನ್ನು ಪಕ್ಕಕ್ಕೆ ಉರುಳಿಸುತ್ತಿದ್ದಾನೆ. ಮಾಮ ಆಡುವ ಕಾಲದಲ್ಲಿ ಸ್ಟಾಪರ್ ಕಷ್ಟ ಬಂದರೆ ಹಿಂದಕ್ಕೆ ತಳ್ಳಿಬಿಡುತ್ತಿದ್ದ, ಗೋಲಿ ಕೈಯಲ್ಲಿ ಎತ್ತಿಕೊಳ್ಳುತ್ತಿದ್ದ. 1992ರಲ್ಲಿ ಆ ಬಾಗಿಲು ಮುಚ್ಚಿತು, ತನ್ನವನೇ ಬೇಕೆಂದು ಕಾಲಲ್ಲಿ ಕೊಟ್ಟ ಚೆಂಡನ್ನು ಗೋಲಿ ಕೈಯಲ್ಲಿ ಮುಟ್ಟುವಂತಿಲ್ಲ. 2019ರಿಂದ ಗೋಲ್ ಕಿಕ್ ಪೆನಾಲ್ಟಿ ಜಾಗ ದಾಟಬೇಕೆಂಬ ಕಟ್ಟೂ ಹೋಯಿತು. ಹಾಗಾಗಿ ಗೋಲಿನ ಬಾಯಲ್ಲೇ ನಿಂತು, ಇಬ್ಬರು ಮೈಮೇಲೆ ಬರುತ್ತಿರುವಾಗ ಚೆಂಡು ಆಡುವ ಕೆಲಸ ಡಿಫೆಂಡರ್‌ನ ಪಾಲಿಗೆ ಬಂತು. ಹಿಂದೆ ಯಾರೂ ಇಲ್ಲದವನ ಎಡವಟ್ಟು ಮಾತ್ರ ಲೆಕ್ಕಕ್ಕೆ ಬರುತ್ತದೆ. ಫಾರ್ವರ್ಡ್ ಹತ್ತು ಸಲ ಚೆಂಡು ಕಳೆದುಕೊಂಡರೂ ಸಂಜೆಗೆ ಮರೆತುಹೋಗುತ್ತದೆ.

ಮಾಮನ ತಲೆಮಾರಿಗೆ ಮುನ್ನುಗ್ಗುವ ಸ್ಟಾಪರ್ ಹೊಸಬನೇನಲ್ಲ. 1962ರ ಏಷ್ಯನ್ ಗೇಮ್ಸ್, ಜಕಾರ್ತ. ತಲೆಗೆ ಹೊಲಿಗೆ ಹಾಕಿಸಿಕೊಂಡ ಸ್ಟಾಪರ್ ಜರ್ನೈಲ್ ಸಿಂಗ್‌ರನ್ನು ಭಾರತದ ಕೋಚ್ ರಹೀಮ್ ಮುಂದೆ ಸೆಂಟರ್ ಫಾರ್ವರ್ಡ್ ಜಾಗಕ್ಕೆ ಕಳಿಸಿದರು. ಸೆಮಿಫೈನಲ್‌ನಲ್ಲಿ ಒಂದು ಗೋಲು, ದಕ್ಷಿಣ ಕೊರಿಯಾ ವಿರುದ್ಧದ ಫೈನಲ್‌ನಲ್ಲಿ ಇನ್ನೊಂದು, 2–1, ಚಿನ್ನ. ಆ ತಂಡದಲ್ಲಿ ನಮ್ಮ ಬೆಂಗಳೂರಿನ ಅರುಮೈನಾಯಗಂ ಕೂಡ ಇದ್ದರು ಎನ್ನುವಾಗ ಮಾಮನ ಕುತ್ತಿಗೆ ತುಸು ನೆಟ್ಟಗಾಗುತ್ತದೆ.

ನನಗೆ ಲೂಯಿಜ್ ಎಂದರೆ ಆ 7–1ಕ್ಕೆ ನಾಲ್ಕು ದಿನ ಹಿಂದಿನ ಸಂಜೆ. ಫೋರ್ಟಲೆಜಾದಲ್ಲಿ ಕೊಲಂಬಿಯಾ ವಿರುದ್ಧ, 30 ಗಜಕ್ಕೂ ಆಚೆಯಿಂದ ಫ್ರೀ ಕಿಕ್. ಪಾದದ ಒಳಬದಿಯಿಂದ ತಳ್ಳಿದಂತೆ ಹೊಡೆದ ಚೆಂಡು ಹೆಚ್ಚು ತಿರುಗದೆ ತೇಲಿಹೋಗಿ ಗೋಲಿನ ಮೂಲೆಗೆ ಇಳಿಯಿತು. ಆಟ ಮುಗಿದ ಮೇಲೆ ಅಳುತ್ತಿದ್ದ ಎದುರಾಳಿ ಹುಡುಗ ಹಾಮೆಸ್ ರೊಡ್ರಿಗೆಜ್‌ನನ್ನು ತಬ್ಬಿಕೊಂಡು, ಇವನಿಗೆ ಚಪ್ಪಾಳೆ ಹೊಡೆಯಿರಿ ಎಂದು ಗ್ಯಾಲರಿಗೆ ಬೆರಳು ತೋರಿಸಿದ. ನಾಲ್ಕು ದಿನಕ್ಕೆ ಅವನೇ ಅತ್ತ, ನನ್ನ ಜನಕ್ಕೆ ಒಂದಿಷ್ಟು ಖುಷಿ ಕೊಡಬೇಕೆಂದಿದ್ದೆ ಎಂದು ಕ್ಷಮೆ ಕೇಳಿದ. ಆಟ ಬಿಟ್ಟುಹೋಗಲಿಲ್ಲ, 2025ರಲ್ಲಿ, 38ರ ವಯಸ್ಸಿನಲ್ಲಿ, ಸೈಪ್ರಸ್‌ನ ಪಾಫೋಸ್ ತಂಡ ಸೇರಿ ಮತ್ತೆ ಬೂಟು ಕಟ್ಟಿದ.

ಬಿಸಿಲು ಈಗ ಕಟ್ಟೆಯ ಮೇಲೆ ಬಂದಿದೆ. ಸುಣ್ಣದ ಗೆರೆ ತುಳಿದು ತುಳಿದು ಅರ್ಧ ಅಳಿಸಿದೆ. ಉದ್ದಕಾಲಿನ ಹುಡುಗ ಗೋಲಿ ಉರುಳಿಸಿದ ಚೆಂಡಿನ ಮೇಲೆ ಪಾದವಿಟ್ಟು ನಿಂತಿದ್ದಾನೆ, ಎದುರಿನಿಂದ ಒಬ್ಬ ಓಡಿ ಬರುತ್ತಿದ್ದಾನೆ. “ಹೊಡೆದು ಕಳಿಸೋ” ಎಂದು ಕಟ್ಟೆಯಿಂದ ಇಬ್ಬರು ಒಟ್ಟಿಗೆ ಕೂಗಿದರು. ಮಾಮ ಮೊಣಕಾಲಿಗೆ ಕೈಕೊಟ್ಟು ಎದ್ದು ನಿಂತು, ಹುಡುಗನತ್ತ ಅಲ್ಲ, ಅವನ ಪಕ್ಕದ ಬ್ಯಾಕಿನತ್ತ ಕೈ ಬೀಸಿದರು. “ಲೇ, ನೀನು ಒಳಗೆ ಬಾರೋ! ಅವನು ಹೋಗ್ತಾನೆ, ನೀನು ಅವನ ಜಾಗ ನೋಡ್ಕೋ!” ಪಕ್ಕದ ಹುಡುಗ ನಾಲ್ಕು ಹೆಜ್ಜೆ ಒಳಗೆ ಸರಿದ. ಉದ್ದಕಾಲಿನವನು ಸೊಂಟ ತಿರುಗಿಸಿದ.