ಗದರದ ಗುರು
ಬೀದರಿನಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಅರ್ಧ ಕುಸಿದರೂ ಇನ್ನೂ ನಿಂತಿದೆ. ಗುರುಗಳಿಗೂ ಶಿಷ್ಯರಿಗೂ ಅಲ್ಲೇ ವಾಸ. ಹೀಗಾಗಿ ಪಾಠ ಮುಗಿದ ಮೇಲೂ ಗುರುವಿನ ನಡೆನುಡಿ ಶಿಷ್ಯರ ಕಣ್ಣೆದುರೇ.

ಅಂಥ ಗುರು ಹೇಗಿರಬೇಕು? ಬಾಗ್ದಾದಿನ ನಿಜಾಮಿಯಾದಲ್ಲಿ ಪಾಠ ಹೇಳಿದ್ದ ಇಮಾಮ್ ಗಜಾಲಿ (ನಿಧನ 1111) ‘ಇಹ್ಯಾ ಉಲೂಮುದ್ದೀನ್’ ಗ್ರಂಥದಲ್ಲಿ ವಿವರವಾಗಿ ಬರೆದಿದ್ದಾರೆ. ಶಿಷ್ಯರು ಮಕ್ಕಳಿದ್ದಂತೆ, ಅವರ ಅಳವಿಗೆ ಮೀರಿದ್ದನ್ನು ತುರುಕಬಾರದು. ತಪ್ಪನ್ನು ಸೂಚನೆಯಿಂದಲೇ ತಿದ್ದಬೇಕು. ನೇರವಾಗಿ ಗದರಿದರೆ ಗೌರವದ ತೆರೆ ಹರಿಯುತ್ತದೆ, ಹುಡುಗ ಹಟಕ್ಕೆ ಬೀಳುತ್ತಾನೆ. ಬೆತ್ತ ನಂಬುವ ಪಾಲಕರು ಇದನ್ನು ಇನ್ನೊಮ್ಮೆ ಓದಬಹುದು!

ಒಬ್ಬ ಗುರು ಇನ್ನೊಬ್ಬರ ವಿಷಯವನ್ನು ಶಿಷ್ಯರೆದುರು ಹಳಿಯಲೂ ಕೂಡದು. ಗಣಿತದ ಮೇಷ್ಟರು, ಭಾಷೆಯ ಮೇಷ್ಟರ ಮುಸುಕಿನ ಗುದ್ದಾಟ ಆಗಲೂ ಇತ್ತೇನೋ.

ಓದು ಮುಗಿಸಿದವನಿಗೆ ಸಿಗುತ್ತಿದ್ದ ‘ಇಜಾಜತ್’ ಪತ್ರಕ್ಕೆ ಸಾಮಾನ್ಯವಾಗಿ ಮದರಸಾದ ಹೆಸರಲ್ಲ, ಕಲಿಸಿದ ಗುರುವಿನ ಹೆಸರೇ ಆಧಾರ.