ಅಣಬೆಯ ಸುದ್ದಿಯಲ್ಲಿ ಕಾಣದವರು

“ಅಣಬೆಯಿಂದ ಮನಸ್ಸಿನ ಕಾಯ್ಲೆ ವಾಸಿಯಾಯ್ತದಂತಲ್ಲ, ನಿಜವೇನಕ್ಕ?” ಮದ್ದೂರು ಕಡೆಯ ಹುಡುಗನೊಬ್ಬ ಮೊಬೈಲಿನಲ್ಲಿ ವಿಡಿಯೊ ತೋರಿಸಿ ಕೇಳಿದ. ಅವನ ಅಣ್ಣನಿಗೆ ಖಿನ್ನತೆ. ಮಂಡ್ಯದ ಹಳ್ಳಿಗಳಲ್ಲಿ ಆಪ್ತಸಮಾಲೋಚಕಿಯಾಗಿರುವ ನನಗೆ ಅವನನ್ನು ಒಂದೇ ಮಾತಿನಲ್ಲಿ ಸಾಗಹಾಕಲು ಮನಸ್ಸಾಗಲಿಲ್ಲ.

ಸುದ್ದಿ ಸುಳ್ಳಲ್ಲ. ಕೆಲವು ಜಾತಿಯ ಅಣಬೆಗಳಲ್ಲಿ ಸೈಲೋಸೈಬಿನ್ ಎಂಬ ರಾಸಾಯನಿಕವಿದೆ. ಬೇರೆ ಮಾತ್ರೆಗಳಿಗೆ ಬಗ್ಗದ ಖಿನ್ನತೆಯಿದ್ದ 233 ಜನರಿಗೆ ಅದನ್ನು ಕೊಟ್ಟು ನೋಡಿದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. 25 ಮಿಲಿಗ್ರಾಂ ಪಡೆದವರ ಖಿನ್ನತೆ ಮೂರು ವಾರದ ಹೊತ್ತಿಗೆ 1 ಮಿಲಿಗ್ರಾಂ ಪಡೆದವರದ್ದಕ್ಕಿಂತ ಚೆನ್ನಾಗಿ ಇಳಿದಿತ್ತು. ಆ ಗುಣ ಎಲ್ಲರಲ್ಲೂ ನಿಲ್ಲಲಿಲ್ಲ. ಕೆಲವರಿಗೆ ಸಾಯುವ ಯೋಚನೆಯೂ ಬಂತು.

ಸುದ್ದಿಯಲ್ಲಿ ಕಾಣದವರು ಚಿಕಿತ್ಸಕರು. ಇಂಥ ಚಿಕಿತ್ಸೆಯಲ್ಲಿ ಔಷಧ ಕೊಡುವ ಮೊದಲೇ ಅವರು ರೋಗಿಯ ಜೊತೆ ಕೂತು ಮಾತಾಡಿರುತ್ತಾರೆ. ಭಯವಾದರೆ ಕೈ ಹಿಡಿಯಬೇಕೇ ಬೇಡವೇ ಎಂಬುದೂ ಆಗಲೇ ತೀರ್ಮಾನವಾಗಬೇಕು. ಔಷಧ ಕೊಡುವ ದಿನ ರೋಗಿಯ ಕಣ್ಣಿಗೆ ಪಟ್ಟಿ, ಕಿವಿಗೆ ಸಂಗೀತ. ಚಿಕಿತ್ಸಕರು ಆರೆಂಟು ಗಂಟೆ ಪಕ್ಕದಲ್ಲೇ ಕೂತಿರುತ್ತಾರೆ, ಹೆಚ್ಚು ಮಾತಾಡುವುದಿಲ್ಲ. ಒಳಗೆ ಕಂಡದ್ದು, ಅತ್ತದ್ದು ಎಲ್ಲದರ ಮಾತು ಆಮೇಲಿನ ದಿನಗಳಲ್ಲಿ.

ಔಷಧದ ಪ್ರಭಾವದಲ್ಲಿರುವವರಿಗೆ ‘ಬೇಡ’ ಎನ್ನುವ ಶಕ್ತಿಯೇ ಇರದಿರಬಹುದು. 2015ರಲ್ಲಿ ಕೆನಡಾದಲ್ಲಿ ಎಂಡಿಎಂಎ ಎಂಬ ಇನ್ನೊಂದು ಔಷಧದ ಪರೀಕ್ಷೆ ನಡೆಯುವಾಗ ಇಬ್ಬರು ಚಿಕಿತ್ಸಕರು ರೋಗಿ ಮಹಿಳೆಯನ್ನು ಅಪ್ಪಿ ಅದುಮಿ ಹಿಡಿದದ್ದು ವಿಡಿಯೊದಲ್ಲಿ ದಾಖಲಾಗಿದೆ. ಹೆಣ್ಣುಮಕ್ಕಳ ಸಂಕಟ ದಿನವೂ ಕೇಳುವ ನನಗೆ ಇದನ್ನು ಓದಿ ಮೈಯೆಲ್ಲ ಉರಿಯಿತು. ನಂಬಿಕೆಯನ್ನು ಹೆಚ್ಚಿಸುವ ಔಷಧ ಕೊಡುವವರು ಆ ನಂಬಿಕೆಗೆ ಯೋಗ್ಯರಾಗಿರಬೇಡವೇ?

ನಮ್ಮಲ್ಲಿ 1985ರ ಮಾದಕವಸ್ತು ಕಾಯ್ದೆಯ ಪ್ರಕಾರ ಸೈಲೋಸೈಬಿನ್, ಎಲ್‌ಎಸ್‌ಡಿ, ಎಂಡಿಎಂಎ ಇಟ್ಟುಕೊಳ್ಳುವುದೇ ಅಪರಾಧ. ಆಪರೇಷನ್ನಿಗೆ ಅರಿವಳಿಕೆಯಾಗಿ ಬಳಸುವ ಕೆಟಮಿನ್ನನ್ನು ಮಾತ್ರ ಕೆಲವು ಮನೋವೈದ್ಯರು ತೀವ್ರ ಖಿನ್ನತೆಗೆ ತಮ್ಮ ನಿಗಾದಲ್ಲಿ ಕೊಡುತ್ತಾರೆ. ಹೊಲದ ಬದುವಿನ ಅಣಬೆ ಕಿತ್ತು ಪ್ರಯೋಗ ಮಾಡಿದರೆ ಪ್ರಾಣಕ್ಕೇ ಸಂಚಕಾರ.

ಆದರೆ ಆ ಚಿಕಿತ್ಸಕರ ಹಾಗೆ ಪಕ್ಕದಲ್ಲಿ ಕೂರುವುದಕ್ಕೆ ಯಾವ ಕಾಯ್ದೆಯ ಅಡ್ಡಿಯೂ ಇಲ್ಲ. ಮಳವಳ್ಳಿ ಕಡೆಯ ಕಬ್ಬು ಬೆಳೆಗಾರರ ಮನೆಯೊಂದರ ಹೆಣ್ಣುಮಗಳು ನಾನು ಹೋದಾಗಲೆಲ್ಲ “ನಿದ್ದೆ ಬತ್ತಿಲ್ಲ ಕನವ್ವ, ಮಾತ್ರೆ ಕೊಡಿಸ್ಬುಡಿ” ಅಂತಷ್ಟೇ ಹೇಳುತ್ತಿದ್ದರು. ಒಂದು ಮಧ್ಯಾಹ್ನ ಅತ್ತೆ ಹಿತ್ತಿಲಿಗೆ ಹೋದಾಗ ಸೆರಗಿನ ತುದಿ ಸುತ್ತುತ್ತಾ ಬಾಯಿಬಿಟ್ಟರು: ಸಾಲದವರು ಬಂದುಹೋದ ರಾತ್ರಿ ಗಂಡ ಬೆಳೆಗೆ ಹೊಡೆಯುವ ಔಷಧಿ ಬಾಟಲಿ ಹಿಡಿದು ಕೂತಿದ್ದರಂತೆ. ಅಂದಿನಿಂದ ಅವರನ್ನು ಕಾಯುತ್ತಾ ಈಕೆ ಕಣ್ಣು ಮುಚ್ಚಿರಲಿಲ್ಲ. ಮಾತ್ರೆ ಬೇಕಿದ್ದದ್ದು ಈಕೆಗಿಂತ ಮೊದಲು ಗಂಡನಿಗೆ. 2015ರಲ್ಲಿ ಸಾಲುಸಾಲು ಆತ್ಮಹತ್ಯೆಗಳಲ್ಲಿ ರೈತರನ್ನು ಕಳೆದುಕೊಂಡ ಜಿಲ್ಲೆ ನಮ್ಮದು. ಇಂಥ ಮಾತು ಅವಸರದಲ್ಲಿ ಕೇಳಿದರೆ ಹೊರಗೆ ಬರುವುದಿಲ್ಲ.

2014ರಲ್ಲಿ ಶುರುವಾದ ಮನೋಚೈತನ್ಯ ಕಾರ್ಯಕ್ರಮ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೇ ಮನೋವೈದ್ಯರನ್ನು ಕರೆತಂದಿತು. ಅದು ದೊಡ್ಡ ಕೆಲಸ. ಅಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ವಾರವಿಡೀ ಇರುವ ಒಬ್ಬ ಆಪ್ತಸಮಾಲೋಚಕರು ಬೇಕು ಎಂದು ನಾನು ಕೇಳುತ್ತಲೇ ಇದ್ದೇನೆ. ಸಾಯುವ ಯೋಚನೆ ಬಂದವರು ಅಲ್ಲಿಯವರೆಗೆ ಕಾಯಬೇಕಿಲ್ಲ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ರಾತ್ರಿಯಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.